ನಾಲ್ಕನೆಯ ಸಿಲಿಂಡರಿನ ಗಂಟು

ಐದನೆಯ ಅರ್ಜಿಯೂ ತಿರಸ್ಕೃತವಾಗಿ ಬಂದ ದಿನ ರತ್ನಮಾಲಾ ಬಡಿಗೇರ ಆ ಪತ್ರವನ್ನು ಓದಲಿಲ್ಲ. ಹಿಂದಿನ ನಾಲ್ಕೂ ಒಂದೇ ವಾಕ್ಯದಲ್ಲಿ ಮುಗಿದಿದ್ದವು: 'ಕೋರಿದ ಬದಲಾವಣೆಯು ಬಿಂಬದೊಡನೆ ಹೊಂದುವುದಿಲ್ಲ.' ಅವಳು ಹೊಸ ಪತ್ರವನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ನಕ್ಷೆಯ ಮೇಜಿನ ಒಂದು ಕಾಲಿನ ಕೆಳಗೆ ತುರುಕಿದಳು. ಹಳೆಯ ನಾಲ್ಕೂ ಅಲ್ಲಿಯೇ ಇದ್ದವು. ಐದನೆಯದು ಸೇರಿದ ಮೇಲೆ ಮೇಜು ಮೊದಲ ಬಾರಿಗೆ ಅಲುಗದೆ ನಿಂತಿತು.

ಬೆಳಗಾವಿಯ ಉದ್ಯಮಬಾಗದಲ್ಲಿ, ಎರಕದ ಭಟ್ಟಿಗಳ ಸಾಲಿನ ಕೊನೆಗೆ, ಘಟಪ್ರಭಾ ಎಂಬ ಕಾರು ಓಟದ ತಂಡದ ಎಂಜಿನ್ ಕಾರ್ಖಾನೆಯಿತ್ತು. ರತ್ನಮಾಲಾ ಅಲ್ಲಿಯ ಮುಖ್ಯ ವಿನ್ಯಾಸಕಿ. ಆದರೆ ಐದು ವರ್ಷಗಳಿಂದ ಅವಳ ಯಾವ ಹೊಸ ವಿನ್ಯಾಸವೂ ಎಂಜಿನ್ ಆಗಿರಲಿಲ್ಲ, ಹಾಗೆ ಮಾಡುವುದು ಅಪರಾಧವಾಗಿತ್ತು.

ಎಂಜಿನ್ ಬದಲಾವಣೆಯನ್ನೇ ತಡೆದ ಈ ಸ್ತಂಭನಕ್ಕೆ ಮೊದಲು ಓಟದ ಆರು ತಂಡಗಳೂ ಹುಚ್ಚು ಹಿಡಿದಂತೆ ಎಂಜಿನ್ ಬದಲಿಸುತ್ತಿದ್ದವು. ಒಂದು ವರ್ಷದ ಓಟದ ಹಂಗಾಮಿನಲ್ಲಂತೂ ಒಂದೇ ತಂಡ ಹನ್ನೊಂದು ಸಲ ಬದಲಿಸಿತು. ಗೆದ್ದವನು ಚಾಲಕನೋ, ಭಟ್ಟಿಯ ಮುಂದೆ ಕುಳಿತವನೋ ಯಾರಿಗೂ ಹೇಳಲು ಬರದಂತಾಯಿತು. ಆಗ ಓಟಗಳ ಒಕ್ಕೂಟವು ಆಜ್ಞೆ ಹೊರಡಿಸಿತು: ಪ್ರತಿ ತಂಡವೂ ಒಂದು ಮಾದರಿ ಎಂಜಿನ್ ಒಪ್ಪಿಸತಕ್ಕದ್ದು, ಐದು ಹಂಗಾಮು ಎಲ್ಲ ಎಂಜಿನ್ನುಗಳೂ ಅದರಂತೆಯೇ ಇರತಕ್ಕದ್ದು. ಹೋಲಿಸಿ ನೋಡುವ ಕೆಲಸಕ್ಕೆ ಮನುಷ್ಯರನ್ನು ನಂಬದೆ, ಮುದ್ರಾಬಿಂಬವೆಂಬ ಯಂತ್ರವನ್ನು ಕಟ್ಟಿಸಿತು.

ಅದು ಕೆಲಸ ಮಾಡುವ ಬಗೆ ಸರಳವಾಗಿತ್ತು. ಎಂಜಿನ್ನಿನ ಒಳದಾರಿಗಳಲ್ಲೆಲ್ಲ ತೆಳುವಾದ ಎಣ್ಣೆ ತುಂಬಿ, ಆ ಎಣ್ಣೆಯೊಳಗೆ ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಹರಿಸುತ್ತಿದ್ದರು. ಗೋಡೆಗಳಿಗೆ ತಾಗಿ ಮರಳುವ ಅಲೆಗಳಿಂದ ಯಂತ್ರವು ಅರ್ಧ ಕೂದಲಿನಷ್ಟೂ ತಪ್ಪದೆ ಒಳಗಿನ ಆಕಾರವನ್ನು ಬರೆದುಕೊಳ್ಳುತ್ತಿತ್ತು; ಆ ದಾಖಲೆಯನ್ನೂ ಬಿಂಬವೆಂದೇ ಕರೆಯುತ್ತಿದ್ದರು. ಶಬ್ದಕ್ಕೆ ಆಕಾರ ಮಾತ್ರ ತಿಳಿಯುತ್ತದೆ. ಗೋಡೆ ಯಾವುದರಿಂದ ಆಗಿದೆಯೆಂಬುದು ತಿಳಿಯುವುದಿಲ್ಲ. ಇದನ್ನು ಯಾರೂ ಕೊರತೆಯೆಂದು ಭಾವಿಸಿರಲಿಲ್ಲ. ಮಾದರಿಯನ್ನು ಹೀಗೆ ಒಮ್ಮೆ ಅಳೆದು, ಮೊಹರು ಮಾಡಿ, ಬೆಂಗಳೂರಿನ ಉಗ್ರಾಣದಲ್ಲಿಟ್ಟು ಬೀಗ ಹಾಕುತ್ತಿದ್ದರು. ಆಮೇಲೆ ತಯಾರಾದ ಪ್ರತಿಯೊಂದು ಎಂಜಿನ್ನನ್ನೂ ಕಾರಿಗೆ ಕೂರಿಸುವ ಮೊದಲು, ತಣ್ಣಗಿದ್ದಾಗ, ಅಳೆಯುತ್ತಿದ್ದರು. ಓಡಿದ ಎಂಜಿನ್ನನ್ನು ಅಳೆಯುತ್ತಿರಲಿಲ್ಲ. ಕಾವುಂಡ ಲೋಹ ಸ್ವಲ್ಪವಾದರೂ ತಿರುಚಿರುತ್ತದೆ.

ಘಟಪ್ರಭಾದ ಮೊದಲ ಹೊಸ ಎಂಜಿನ್ನನ್ನೇ ಬಿಂಬ ಒಪ್ಪಲಿಲ್ಲ. ನಾಲ್ಕನೆಯ ಸಿಲಿಂಡರಿನ ತಲೆಯಲ್ಲಿ, ತಂಪುನೀರು ಹರಿಯುವ ಕಿರಿದಾದ ದಾರಿಯಲ್ಲಿ, ಆರು ಮಿಲಿಮೀಟರ್ ಉದ್ದದ ಒಂದು ಗಂಟು ಇರಬೇಕಾಗಿತ್ತು, ಇಲ್ಲ, ಎಂದಿತು. ನಕ್ಷೆಯಲ್ಲಿ ಅಂಥ ಗಂಟೇ ಇರಲಿಲ್ಲ. ಎರಕದಲ್ಲಿ ಉಳಿದ ಕಸವಿರಬೇಕೆಂದು ರತ್ನಮಾಲಾ ಬರೆದಳು, ಮಾದರಿಯನ್ನು ಬಿಚ್ಚಿ ನೋಡಿರೆಂದು ಬೇಡಿದಳು. ಮೊಹರು ಒಡೆಯಲು ಸಾಧ್ಯವಿಲ್ಲವೆಂದು ಉತ್ತರ ಬಂತು. ಓಟಕ್ಕೆ ಎಂಟು ದಿನವಿತ್ತು. ಕೊನೆಗೆ ಅಚ್ಚಿನಲ್ಲಿಯೇ ಒಂದು ಗುಳಿ ತೋಡಿ, ಗಂಟನ್ನು ಎರಕ ಹೊಯ್ದು, ಬಿಂಬದ ಒಪ್ಪಿಗೆ ಪಡೆದರು.

ಅಂದಿನಿಂದ ಅವಳ ಬಾಳು ಆ ಗಂಟಿನ ಸುತ್ತ ತಿರುಗಿತು. ಗಂಟಿನ ಬೆನ್ನ ಹಿಂದೆ ನೀರು ಸುಳಿಯುತ್ತಿತ್ತು, ಸುಳಿಯಲ್ಲಿ ಉಗಿಯ ಗುಳ್ಳೆ ಕೂರುತ್ತಿತ್ತು. ಗುಳ್ಳೆಯ ಕೆಳಗೆ ಲೋಹ ಇನ್ನೂರ ಎಪ್ಪತ್ತೊಂದು ಡಿಗ್ರಿಗೆ ಕಾಯುತ್ತಿತ್ತು. ಉಳಿದ ಐದು ಸಿಲಿಂಡರುಗಳು ಇನ್ನೂರ ಇಪ್ಪತ್ತೆಂಟರಲ್ಲಿ ನೆಮ್ಮದಿಯಾಗಿದ್ದವು. ಎರಡು ಹಂಗಾಮುಗಳ ನಡುವೆ ಮೂರು ವಾರ ಮಾತ್ರ ಬಾಳಿಕೆಯ ಹೆಸರಿನಲ್ಲಿ ಸಣ್ಣ ಬದಲಾವಣೆಗಳಿಗೆ ಅನುಮತಿಯಿತ್ತು, ಅದೂ ಒಳಗಿನ ಆಕಾರ ಬದಲಾಗದಂತೆ. ಮೊದಲ ವರ್ಷ ಅವಳು ಹೊರಗಿನ ನೀರುಪಂಪಿನ ರೆಕ್ಕೆಗಳ ಓರೆಯನ್ನು ತಿದ್ದಿದಳು. ಮರುವರ್ಷ ಕವಾಟದ ಪೀಠಗಳಿಗೆ ತಾಮ್ರದ ಮಿಶ್ರಲೋಹ ತಂದಳು. ಆರು ಓಟ ಬಾಳಿ ಏಳನೆಯದರಲ್ಲಿ ಅದು ಬಿರಿಯಿತು. ಆ ಬೇಸಗೆಯಲ್ಲಿಯೇ ಗಂಟಿಲ್ಲದ, ನೀರಿನ ದಾರಿಗಳನ್ನು ಪೂರ್ತಿ ಬೇರೆ ಬಗೆಯಲ್ಲಿ ಹೊಸೆದ ಎಂಜಿನ್ ತಲೆಯೊಂದರ ನಕ್ಷೆಯನ್ನು ಬರೆದು ಮುಗಿಸಿದ್ದಳು. ತನ್ನ ಕೈಯಿಂದ ಅದಕ್ಕಿಂತ ಒಳ್ಳೆಯದು ಬರಲಾರದೆಂದು ಅವಳಿಗೆ ಗೊತ್ತಿತ್ತು. ಆ ನಕ್ಷೆ ಖಾನೆಯಲ್ಲಿ ಉಳಿಯಿತು. ನಾಲ್ಕನೆಯ ವರ್ಷ ಬೇರೆ ದಾರಿ ಕಾಣದೆ, ಆ ಒಂದು ಸಿಲಿಂಡರಿನ ಕಿಡಿಯನ್ನೇ ತಡಮಾಡಿ ಬಲ ಕುಗ್ಗಿಸಿದಳು. ತಮ್ಮದು ಐದೂವರೆ ಸಿಲಿಂಡರಿನ ಕಾರು ಎಂದು ಚಾಲಕ ಇಮ್ತಿಯಾಜ್ ದೇಸೂರ ಊರೆಲ್ಲ ಹೇಳಿಕೊಂಡು ತಿರುಗಿದ.

ಅವನಿಗೆ ಹಾಗೆ ನಗುವ ಹಕ್ಕಿತ್ತು. ಮೂರನೆಯ ಹಂಗಾಮಿನಲ್ಲಿ, ಹಿಡಕಲ್ ಜಲಾಶಯದ ಬದಿಯ ಓಟದ ದಾರಿಯಲ್ಲಿ, ನಾಲ್ಕನೆಯ ಸಿಲಿಂಡರಿನ ತಲೆ ಸೀಳಿ ಉಗಿಯು ಚಾಲಕನ ಗೂಡಿಗೆ ನುಗ್ಗಿತ್ತು. ಅವನ ಎಡಗೈ ಮೊಣಕೈವರೆಗೆ ಬೆಂದಿತು. ಚರ್ಮ ಮರಳಿ ಬಂದರೂ ಬೆರಳುಗಳು ಪೂರ್ತಿ ಮಡಚಲಿಲ್ಲ.

ಇದಕ್ಕಿಂತಲೂ ಅವಳನ್ನು ಕೆರಳಿಸಿದ ಸಂಗತಿ ಇನ್ನೊಂದಿತ್ತು. ಸ್ತಂಭನದ ಮೊದಲೆರಡು ಹಂಗಾಮುಗಳನ್ನು ಇಮ್ತಿಯಾಜ್ ತನ್ನ ಚಾಲನೆಯ ಬಲದಿಂದಲೇ ಗೆದ್ದಿದ್ದ. ಎದುರಾಳಿ ತಂಡಗಳು ಆ ಗೆಲುವಿನ ಗುಟ್ಟನ್ನು ಹುಡುಕಿ, ಹೇಗೋ ಗಂಟಿನ ಸುದ್ದಿ ತಿಳಿದುಕೊಂಡು, ಸಮಾನತೆಯ ನಿಯಮದಡಿ ತಮಗೂ ಗಂಟು ಬೇಕೆಂದು ಅರ್ಜಿ ಹಾಕಿದವು. ಒಕ್ಕೂಟ ಕೊಟ್ಟಿತು. ಈಗ ಆರೂ ತಂಡಗಳ ನಾಲ್ಕನೆಯ ಸಿಲಿಂಡರುಗಳು ಕಾಯುತ್ತಿದ್ದವು.

ಬರುವ ತಿಂಗಳು ಐದು ವರ್ಷ ಮುಗಿಯುವುದಿತ್ತು. ಒಕ್ಕೂಟವು ಅದೇ ಬಿಂಬಗಳ ಮೇಲೆ ಸ್ತಂಭನವನ್ನು ಇನ್ನೂ ಹತ್ತು ಹಂಗಾಮು ಮುಂದುವರಿಸಲು ನಿರ್ಧರಿಸಿತ್ತು. ಅದಕ್ಕೆ ಮೊದಲು ಗಂಟು ಹೋಗದಿದ್ದರೆ ಹತ್ತು ವರ್ಷ ಹೋಗುವಂತಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ತಲೆ ಸೀಳುವುದು ನಿಶ್ಚಯ. ಅದರ ಹಿಂದೆ ಕೂತಿರುವವನು ಇಮ್ತಿಯಾಜನೇ ಆಗಿರಬಹುದು.

ರತ್ನಮಾಲಾ ಗಂಟಿನ ನಲವತ್ತು ಪಟ್ಟು ದೊಡ್ಡ ಪ್ರತಿಯೊಂದನ್ನು ಬಿಳಿಯ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ, ಅದನ್ನು ಕೂಸಿನಂತೆ ಕಂಕುಳಲ್ಲಿ ಇಟ್ಟುಕೊಂಡು ಶಹಾಪುರದ ಮನೆಗೆ ತಂದಳು. ಮನೆಯಲ್ಲಿ ಅವಳೂ ತಂದೆ ಯಮನಪ್ಪನೂ ಇಬ್ಬರೇ. ಯಮನಪ್ಪ ಬಡಿಗೇರ ಅದೇ ಕಾರ್ಖಾನೆಯ ಹಿರಿಯ ಫಿಟ್ಟರ್. ಎಪ್ಪತ್ತು ಸಮೀಪಿಸಿದರೂ ಪ್ರತಿ ಎಂಜಿನ್ನಿನ ಕೊನೆಯ ಬೋಲ್ಟನ್ನು ಅವನೇ ಬಿಗಿಯಬೇಕು. ಬೇರೆಯವರು ಬಿಗಿದರೆ ಸಡಿಲಿಸಿ ಮತ್ತೆ ಬಿಗಿಯುತ್ತಿದ್ದ. ಊಟಕ್ಕೆ ಕುಳಿತ ಅವನು ಮೇಜಿನ ಮೇಲಿದ್ದ ಆಕೃತಿಯನ್ನು ಕೈಗೆತ್ತಿಕೊಂಡು ತಿರುಗಿಸಿದ. ಅದರ ಒಂದು ತುದಿಯಲ್ಲಿ ಸಣ್ಣ ಕಚ್ಚಿತ್ತು. ಆ ಕಚ್ಚಿನ ಮೇಲೆ ಹೆಬ್ಬೆರಳನ್ನು ಬಹಳ ಹೊತ್ತು ಇಟ್ಟ. ಬಳಿಕ ಕಚ್ಚು ಕಾಣದಂತೆ ಕವುಚಿ ಇಟ್ಟು, ಅರ್ಧ ರೊಟ್ಟಿ ಉಳಿಸಿ ಎದ್ದ. ಅವಳು ಕೇಳಿದ್ದಕ್ಕೆ ಹಸಿವಿಲ್ಲವೆಂದ.

ಭಾನುವಾರ ಮಧ್ಯಾಹ್ನ ಇಮ್ತಿಯಾಜ್ ಊಟಕ್ಕೆ ಬಂದ, ಕೈಯಲ್ಲಿ ಕುಂದಾ ಸಿಹಿಯ ಪೊಟ್ಟಣವಿತ್ತು. ಪಂಕ್ತಿಯಲ್ಲಿ ಎಡಗೈಯಿಂದ ರೊಟ್ಟಿಯನ್ನು ಒತ್ತಿ ಹಿಡಿಯಲು ಹೋದಾಗ ಅದು ಜಾರಿತು. ಅವನು ಸಲೀಸಾಗಿ ಮೊಣಕೈ ಊರಿ ಹಿಡಿದು, ಬಲಗೈಯಿಂದ ಮುರಿದ. ಅದು ಅವನಿಗೆ ರೂಢಿಯಾಗಿತ್ತು. ಯಮನಪ್ಪ ಅದನ್ನು ನೋಡಿದ. ಎದ್ದು ದೇವರ ಗೂಡಿನಿಂದ ಒಂದು ಹಿತ್ತಾಳೆಯ ಡಬ್ಬಿ ತಂದು, ಮುಚ್ಚಳ ತೆಗೆದು, ಆ ಬಿಳಿಯ ಆಕೃತಿಯ ಪಕ್ಕದಲ್ಲಿಟ್ಟ. ಡಬ್ಬಿಯಲ್ಲಿ ಕುಂಕುಮ ಮೆತ್ತಿದ ನಾಲ್ಕು ಅಕ್ಕಿಕಾಳುಗಳಿದ್ದವು.

"ಮೂಗ ನೋಡು," ಎಂದ ಮಗಳಿಗೆ. "ಗಿರಣಿಯೊಳಗ ಹೊಟ್ಟ ಬಿಡಿಸುವಾಗ ಮೂಗ ಮುರೀತೈತಿ. ನಿನ್ನ ಗಂಟಿಗೂ ಮೂಗ ಮುರದೈತಿ ತಂಗಿ."

ಅವನು ಹೇಳಿದ್ದು ಇಷ್ಟು. ಮಾದರಿ ಎಂಜಿನ್ನನ್ನು ಅಳೆಯುವ ಹಿಂದಿನ ದಿನ ಆಯುಧ, ಯಂತ್ರಗಳಿಗೆ ಮಾಡುವ ಖಂಡೇಪೂಜೆಯಿತ್ತು. ಬಡಿಗೇರರ ಮನೆತನದಲ್ಲಿ ಹೊಸ ಯಂತ್ರಕ್ಕೆ ಐದೇ ಕಾಳು ಹಾಕುವ ರೂಢಿ. ಗಿರಣಿಯಲ್ಲಿ ಮುರಿದ ಮೂಗಿನ ಹೊರತು ಒಂದೂ ಮುಕ್ಕಾಗಿರಬಾರದು, ಕುಂಕುಮದ ನೀರಿನಲ್ಲಿ ನೆನೆದಿರಬೇಕು. ಪೂಜೆ ಮುಗಿದ ಮೇಲೆ ಐದನ್ನೂ ಆರಿಸಿ ಮನೆಗೆ ತರಬೇಕು. ಅಂದು ನೀರಿನ ಬಾಯಿಗಳ ಮುಚ್ಚಳ ತೆರೆದಿದ್ದವು. ಅವನಿಗೆ ಮರಳಿ ಸಿಕ್ಕದ್ದು ನಾಲ್ಕು. ಐದನೆಯದು ನೆಲಕ್ಕೆ ಬಿದ್ದು ಯಾರದೋ ಬೂಟಿಗೆ ಅಂಟಿರಬೇಕೆಂದುಕೊಂಡ. ಮರುದಿನ, ಒಳಗೆ ಹೊರವಸ್ತು ಯಾವುದೂ ಇಲ್ಲವೆಂಬ ಪತ್ರಕ್ಕೆ ಸಹಿ ಹಾಕಿದ.

ರತ್ನಮಾಲಾ ಒಂದು ಕಾಳನ್ನೆತ್ತಿ ಬಿಳಿಯ ಆಕೃತಿಯ ಕಚ್ಚಿನ ಪಕ್ಕಕ್ಕೆ ಹಿಡಿದಳು. "ಐದು ವರ್ಷ ಅಪ್ಪಾ. ಪಂಪ್ ತಿದ್ದೀನಿ, ಪೀಠ ತಿದ್ದೀನಿ, ಕಿಡಿ ತಿದ್ದೀನಿ. ಒಂದು ಕಾಳಿನ ಸುತ್ತ. ನೀ ದಿನಾ ಇಲ್ಲೇ ಕುಂತ ಉಣತಿದ್ದಿ."

ಯಮನಪ್ಪ ತಲೆ ತಗ್ಗಿಸಿದ. ಗಂಟು ಅಂದರೆ ಎರಕದ ಗಂಟೆಂದೇ ತಿಳಿದಿದ್ದೆ, ಅದರ ರೂಪ ನೋಡಿದ್ದು ಮೊನ್ನೆಯೇ, ಎಂದು ತಟ್ಟೆಯನ್ನು ನೋಡುತ್ತ ಹೇಳಿದ. ಇಮ್ತಿಯಾಜ್ ಮುರಿದ ರೊಟ್ಟಿಯನ್ನು ತಟ್ಟೆಗಿಟ್ಟ.

"ಅಂದ್ರ ಕಾಕಾ, ಇಷ್ಟ ದಿನಾ ನಾ ಓಡಿಸಿದ್ದು ಅನ್ನದ ಗಡಿಗಿ."

ಮುದುಕ ನಗಲಿಲ್ಲ. ಸಹಿ ಸುಳ್ಳಾದರೆ ಆರೂ ತಂಡಗಳ ಕಾರ್ಖಾನೆಗಳ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚುವುದೆಂದು ಮೂವರಿಗೂ ಗೊತ್ತಿತ್ತು. ತಂಡದ ಹಳೆಯ ಎರಡು ಗೆಲುವುಗಳೂ ಅಳಿಸಿಹೋಗಬಹುದಾಗಿತ್ತು. ಆದರೂ ಬೆಂಗಳೂರಿಗೆ ಟಿಕೆಟ್ ತೆಗೆಸೆಂದು ಮಗಳಿಗೆ ಹೇಳಿದ. ಎರಡೆಂದು ಒತ್ತಿ ಹೇಳಿದ.

ಒಕ್ಕೂಟದ ಉಗ್ರಾಣವು ನೆಲದಡಿಯಲ್ಲಿತ್ತು. ಅದರ ಮೇಲಿನ ನಿಯಂತ್ರಣ ಕೋಣೆಯಲ್ಲಿ ಮುದ್ರಾಬಿಂಬದ ಹಿರಿಯ ಅಧಿಕಾರಿ ಪದ್ಮನಾಭ ಉಡುಪರು ಅವರನ್ನು ಬರಮಾಡಿಕೊಂಡರು. ಯಮನಪ್ಪ ಇಸ್ತ್ರಿ ಮಾಡಿದ ಕರಿಯ ಕೋಟು ತೊಟ್ಟು, ತಲೆಗೆ ಪಟಗಾ ಸುತ್ತಿದ್ದ. ಮೊಮ್ಮಕ್ಕಳ ಮದುವೆಗೆ ಹೊರಟವನಂತೆ ಕಾಣುತ್ತಿದ್ದ. ಅವನು ಡಬ್ಬಿಯನ್ನೂ ಬರೆದು ತಂದ ಕಾಗದವನ್ನೂ ಮೇಜಿನ ಮೇಲಿಟ್ಟು, ತಪ್ಪು ತನ್ನದೆಂದು ನಿಂತೇ ಹೇಳಿದ. ತಪ್ಪೊಪ್ಪಿಗೆಯು ಲಿಖಿತವಾಗಿ ಬಂದಿದ್ದರಿಂದ ಮೊಹರು ಒಡೆಯುವುದು ಅನಿವಾರ್ಯವಾಯಿತು. ಬಳುಕುವ ಕೊಳವೆಯ ತುದಿಗೆ ಕಟ್ಟಿದ ಕ್ಯಾಮೆರಾವನ್ನು ಮಾದರಿಯ ನೀರುದಾರಿಗೆ ಇಳಿಸಿದರು.

ಪರದೆಯ ಮೇಲೆ ಅದು ತೆಂಗಿನಕಾಯಿಯಷ್ಟು ದೊಡ್ಡದಾಗಿ ಮೂಡಿತು. ಮೂಗು ಮುರಿದ ಒಂದು ಅಕ್ಕಿಕಾಳು. ಕುಂಕುಮ ಕಂದಿ ಇಟ್ಟಿಗೆಯ ಬಣ್ಣವಾಗಿತ್ತು. ಒದ್ದೆಯಾಗಿ ಬಿದ್ದದ್ದು ಗೋಡೆಗೆ ಅಂಟಿ ಒಣಗಿತ್ತು. ಎಣ್ಣೆ ಅದನ್ನು ಬಿಡಿಸಿರಲಿಲ್ಲ. ರತ್ನಮಾಲಾಗೆ ಕಣ್ಣು ತುಂಬಿತು. ಐದು ವರ್ಷ ಹೋರಾಡಿದ ಶತ್ರುವಿನ ಮುಖವನ್ನು ಅವಳು ಮೊದಲ ಬಾರಿಗೆ ನೋಡುತ್ತಿದ್ದಳು.

ಒಕ್ಕೂಟದ ಆರು ಸದಸ್ಯರು ಎರಡು ತಾಸು ಒಳಗೆ ಕುಳಿತರು. ಹೊರಬಂದಾಗ ಅವರ ತೀರ್ಮಾನ ಸಿದ್ಧವಾಗಿತ್ತು. ಆರೂ ತಂಡಗಳು ಈಗ ಗಂಟಿನೊಡನೆಯೇ ಓಡುತ್ತಿವೆ; ಪಂಪು, ಪೀಠ, ಕಿಡಿ ಎಲ್ಲವೂ ಅದಕ್ಕೆ ಹೊಂದಿಕೊಂಡಿವೆ. ಈಗ ಗಂಟನ್ನು ತೆಗೆದರೆ ಅದೇ ಹೊಸ ಬೆಳವಣಿಗೆಯಾಗುತ್ತದೆ, ಬೆಳವಣಿಗೆ ನಿಷಿದ್ಧ. ಬಿಂಬವನ್ನು ತಿದ್ದಿದರೆ ಐದು ವರ್ಷಗಳ ಎಲ್ಲ ಓಟಗಳೂ ಪ್ರಶ್ನೆಗೆ ಒಳಗಾಗುತ್ತವೆ. ಆದ್ದರಿಂದ ಅವರು ಬರೆದದ್ದು: 'ಮೂಲ ಮಾದರಿಯು ಈಗಿರುವ ಸ್ಥಿತಿಯಲ್ಲಿಯೇ, ಅದರೊಳಗಿನ ಸಮಸ್ತ ವಸ್ತುಗಳೊಡನೆ, ಮೂಲವೆಂದು ದೃಢಪಡಿಸಲಾಗಿದೆ.' ಮೂಲದಲ್ಲಿರುವುದು ಹೊರವಸ್ತುವಾಗಲಾರದು. ಹಾಗಾಗಿ ಯಮನಪ್ಪನ ಸಹಿಯೂ ಸುಳ್ಳಲ್ಲ.

ಯಮನಪ್ಪನಿಗೆ ಇದು ಅರ್ಥವಾಗಲು ಸಮಯ ಹಿಡಿಯಿತು. ಅರ್ಥವಾದ ಮೇಲೆ ಅವನು ಡಬ್ಬಿಯನ್ನು ಮರಳಿ ಕಿಸೆಗೆ ಹಾಕಿಕೊಂಡ. ಶಿಕ್ಷೆಗೆ ಸಿದ್ಧನಾಗಿ ಬಂದಿದ್ದ. ಇಲ್ಲಿ ಅವನ ತಪ್ಪನ್ನು ತೆಗೆದುಕೊಳ್ಳುವವರೇ ಇರಲಿಲ್ಲ. "ಆ ಹುಡುಗನ ಕೈ ಬೆಂದದ್ದೂ ಮೂಲ ಏನ್ರಿ?" ಎಂದು ಕೇಳಿದ.

ಉಡುಪರು ಬಾಗಿಲವರೆಗೆ ಬಂದು, ರತ್ನಮಾಲಾಗೆ ಮಾತ್ರ ಕೇಳುವಂತೆ ಹೇಳಿದರು: "ನನಗೂ ಕಣ್ಣುಂಟು ಮೇಡಂ. ಆದರೆ ಕಂಡದ್ದನ್ನು ಬರೆಯುವುದಕ್ಕೆ ನಮ್ಮ ಫಾರ್ಮಿನಲ್ಲಿ ಜಾಗ ಇಲ್ಲ."

ಮರುದಿನ ಬೆಳಗಿನ ಬಸ್ಸು ರಾಣೆಬೆನ್ನೂರಿನ ಆಚೆ ಒಂದು ಖಾನಾವಳಿಯ ಮುಂದೆ ಊಟಕ್ಕೆ ನಿಂತಿತು. ರತ್ನಮಾಲಾ ತೀರ್ಮಾನದ ಪ್ರತಿಯನ್ನು ಎಲೆಯ ಪಕ್ಕದಲ್ಲಿ ಹರಡಿಕೊಂಡು, ಬಿದ್ದ ಪೆಟ್ಟನ್ನು ಮತ್ತೆ ಮತ್ತೆ ಒತ್ತಿ ನೋಡುವವಳಂತೆ, ಅದೇ ವಾಕ್ಯವನ್ನು ಓದುತ್ತಿದ್ದಳು. ಎದುರಿಗೆ ಯಮನಪ್ಪ ಅನ್ನ ಬೆಂದಿಲ್ಲವೆಂದು ಗೊಣಗುತ್ತ, ಗಟ್ಟಿ ಕಾಳುಗಳನ್ನು ಎಲೆಯ ಅಂಚಿಗೆ ಸರಿಸುತ್ತಿದ್ದ. ಬಿಸಿ ಸಾರು ಬಿದ್ದ ಕಡೆ ಕಾಳುಗಳು ಮೆತ್ತಗಾಗಿ ಒಡೆದಿದ್ದವು.

ಅವಳ ಬೆರಳು 'ಸಮಸ್ತ ವಸ್ತುಗಳೊಡನೆ' ಎಂಬಲ್ಲಿ ನಿಂತಿತು.

ಗಂಟು ಇರಬೇಕೆಂದು ಬಿಂಬ ಹೇಳುತ್ತಿತ್ತು. ಅದು ಲೋಹದ್ದಾಗಿರಬೇಕೆಂದು ಯಾರು ಹೇಳಿದ್ದರು? ಲೋಹದಲ್ಲಿ ಎರಕ ಹೊಯ್ದದ್ದು ತಾವೇ, ತಮ್ಮ ಅಜ್ಞಾನದಲ್ಲಿ. ಮೂಲದ ಗಂಟು ಅಕ್ಕಿಯದು. ಅದನ್ನೇ ಮೂಲವೆಂದು ಆರು ಜನ ನಿನ್ನೆ ಸಹಿ ಮಾಡಿದ್ದರು. ಅಕ್ಕಿಕಾಳು ತಣ್ಣನೆಯ ಎಣ್ಣೆಯಲ್ಲಿ ಗಟ್ಟಿಯಾಗಿರುತ್ತದೆ. ಕುದಿಯುವ ನೀರಿನಲ್ಲಿ?

"ಅಪ್ಪಾ," ಎಂದಳು, "ಎಣಿಸಿ ಐದು ಹಾಕೂ ಪದ್ಧತಿ ಬಿಡು. ಇನ್ನಮ್ಯಾಲ ಒಂದೇ ಹಾಕು. ಎಲ್ಲಿ ಅಂತ ನಾ ತೋರಸ್ತೇನಿ."

ಹಳೆಯ ಅಚ್ಚಿನ ಗುಳಿಯನ್ನು ಮುಚ್ಚಿದರು. ತಲೆಗಳು ನುಣುಪಾಗಿ ಹೊರಬಂದವು. ಯಮನಪ್ಪ ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಇಟ್ಟು, ಕುಂಕುಮದ ನೀರಿನಲ್ಲಿ ಅದ್ದಿದ ಕಾಳನ್ನು ಉದ್ದನೆಯ ಚಿಮಟದಿಂದ ನೀರುದಾರಿಯೊಳಗೆ ಕೂರಿಸಿ, ಒಣಗುವವರೆಗೆ ಯಾರೂ ಜೋರಾಗಿ ಸೀನದಂತೆ ಕಾದ. ಮೊದಲ ಮೂರು ಕಾಳುಗಳನ್ನು ಬಿಂಬ ತಿರಸ್ಕರಿಸಿತು. ಒಂದರ ಮೂಗು ಹೆಚ್ಚು ಮುರಿದಿತ್ತು, ಎರಡು ದಪ್ಪವಾಗಿದ್ದವು. ನಾಲ್ಕನೆಯದಕ್ಕೆ ಹಸಿರು ದೀಪ ಹತ್ತಿತು. ಪರೀಕ್ಷೆಗೆ ಬಂದಿದ್ದ ಉಡುಪರು ಮುದುಕನ ಕೆಂಪಾದ ಬೆರಳತುದಿಯನ್ನು ನೋಡಿದರು, ಕೋಟಿನ ಕಿಸೆಯಿಂದ ಇಣುಕುತ್ತಿದ್ದ ಹಿತ್ತಾಳೆಯ ಡಬ್ಬಿಯನ್ನು ನೋಡಿದರು, ಫಾರ್ಮನ್ನು ಮೇಲಿನಿಂದ ಕೆಳಗೆ ಓದಿದರು. ಬರೆಯಲು ಜಾಗವಿರಲಿಲ್ಲ. ಸಹಿ ಹಾಕಿದರು.

ಹಿಡಕಲ್ಲಿನ ಓಟದ ಎರಡನೆಯ ಸುತ್ತಿನಲ್ಲಿ ನಾಲ್ಕನೆಯ ಸಿಲಿಂಡರಿನ ಕಾವು ಇನ್ನೂರ ಎಪ್ಪತ್ತರಿಂದ ಇಳಿಯತೊಡಗಿತು. ಮೂರನೆಯ ಸುತ್ತಿಗೆ ಇನ್ನೂರ ಇಪ್ಪತ್ತೊಂಬತ್ತರಲ್ಲಿ ನಿಂತಿತು. ಮೀಟರ್ ಕೆಟ್ಟಿದೆಯೆಂದು ಇಮ್ತಿಯಾಜ್ ವೈರ್‌ಲೆಸ್ಸಿನಲ್ಲಿ ದೂರಿದ. ಕೆಟ್ಟಿಲ್ಲವೆಂದು ರತ್ನಮಾಲಾ ಹೇಳಿದಳು. ನಂತರ ಬಂದದ್ದು ಒಂದೇ ಮಾತು: "ಅಕ್ಕಾ, ಅನ್ನಾ ಆತು."

ಓಟ ಮುಗಿದ ಮೇಲೆ ನೀರಿನ ಜಾಲರಿಯನ್ನು ಬಿಚ್ಚಿದರು. ಅದರಲ್ಲಿ ಉಬ್ಬಿ ಒಡೆದ ಒಂದು ಅಗುಳಿತ್ತು.

ಅವರು ಬಂದದ್ದು ನಾಲ್ಕನೆಯ ಸ್ಥಾನಕ್ಕೆ. ತಡಮಾಡಿದ ಕಿಡಿ, ತಿದ್ದಿದ ಪಂಪು, ಎಲ್ಲವೂ ಗಂಟಿದ್ದ ಕಾಲಕ್ಕೆ ಸರಿಹೊಂದುವಂತೆ ಮುದ್ರೆಯೊತ್ತಿಸಿಕೊಂಡಿದ್ದವು. ಬಲ ಹೆಚ್ಚಿಸುವ ತಿದ್ದುಪಡಿ ಬಾಳಿಕೆಯ ಹೆಸರಿನಲ್ಲಿ ನಡೆಯದಾದ್ದರಿಂದ ಅವನ್ನು ಹತ್ತು ವರ್ಷ ಮುಟ್ಟುವಂತಿರಲಿಲ್ಲ. ಕಾರು ಇನ್ನೂ ಐದೂವರೆ ಸಿಲಿಂಡರಿನದೇ. ವಾರದೊಳಗೆ ಎರಡು ತಂಡಗಳು ಘಟಪ್ರಭಾದ ತಂಪಿಗೆ ಕಾರಣವೇನೆಂದು ಒಕ್ಕೂಟಕ್ಕೆ ಬರೆದವು. ಉತ್ತರವಾಗಿ ಬಂದ ಸುತ್ತೋಲೆಯು ಗಂಟಿನ ವಸ್ತುವನ್ನು ಆರಿಸುವ ಸ್ವಾತಂತ್ರ್ಯ ಎಲ್ಲರಿಗೂ ಇದೆಯೆಂದಿತು. ಅಕ್ಕಿಯ ಹೆಸರನ್ನು ಎತ್ತಲಿಲ್ಲ.

ಹಂಗಾಮಿಗೆ ಹದಿನಾಲ್ಕು ಎಂಜಿನ್ನು, ಹತ್ತು ಹಂಗಾಮು. ಭಾನುವಾರದ ಮಧ್ಯಾಹ್ನಗಳಲ್ಲಿ ತಂದೆ ಮಗಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕೂರತೊಡಗಿದರು. ಅವನು ಮೂಗು ನೋಡಿ ಆರಿಸುವನು, ಅವಳು ಮೈಕ್ರೊಮೀಟರಿನಲ್ಲಿ ಅಳೆಯುವಳು. ನೂರರಲ್ಲಿ ಒಂದೋ ಎರಡೋ ಉಳಿಯುತ್ತಿದ್ದವು. ಲೋಹದ ಒಳಗೆ ಕಾವು ಹರಿಯುವ ಬಗೆಯನ್ನು ಹನ್ನೆರಡು ವರ್ಷ ಕಲಿತದ್ದು ಇದಕ್ಕಾಗಿ, ಎಂದು ಅವಳು ಒಮ್ಮೆ ಹೇಳಿದಳು. ಮುದುಕ ಇನ್ನೊಂದು ಹಿಡಿ ಅಕ್ಕಿಯನ್ನು ಅವಳ ಮುಂದಕ್ಕೆ ಸರಿಸಿದ.

ಒಂದು ದಿನ ಮೊರ ಸಾಲದೆ ಅವಳು ಯಾವುದೋ ದೊಡ್ಡ ಕಾಗದವನ್ನು ತಂದು ನೆಲಕ್ಕೆ ಹಾಸಿ, ಅದರ ಮೇಲೆ ಅಕ್ಕಿ ಸುರಿದಳು. ಯಮನಪ್ಪ ಆರಿಸುತ್ತ ಆರಿಸುತ್ತ ಕೆಳಗಿನ ಗೆರೆಗಳನ್ನು ಕಂಡ. ಕಾಳುಗಳನ್ನು ಅಂಗೈಯಿಂದ ಬದಿಗೆ ಸರಿಸಿದ. ಆರು ಸಿಲಿಂಡರುಗಳ ತಲೆ, ಸುತ್ತ ಹೊಸ ಬಗೆಯಲ್ಲಿ ಹೊಸೆದ ನೀರುದಾರಿಗಳು, ಎಲ್ಲಿಯೂ ಗಂಟಿಲ್ಲ. ಮೂಲೆಯಲ್ಲಿ ಎರಡನೆಯ ಹಂಗಾಮಿನ ತಾರೀಖು.

"ಯಾವ ಎಂಜಿನ್ನಿಂದು ಇದು?"

"ಮಾಡಲಾರದ್ದು," ಎಂದಳು ರತ್ನಮಾಲಾ. "ಹತ್ತ ವರ್ಷ ಆದಮ್ಯಾಲ ನೋಡೂಣು."

ಅವನು ಅಕ್ಕಿಯನ್ನೆಲ್ಲ ಬೊಗಸೆಯಿಂದ ಮೊರಕ್ಕೆ ತುಂಬಿದ. ನಕ್ಷೆಯನ್ನು ಎತ್ತಿ, ಬಾಗಿಲ ಬೆಳಕಿಗೆ ಹಿಡಿದು, ಎರಡು ಸಲ ಕೊಡವಿದ. ಮಡಿಕೆಯ ಸಂದಿಯಲ್ಲಿ ಒಂದು ಕಾಳು ಉಳಿದಿತ್ತು. ಅದನ್ನು ಉಗುರಿನಿಂದ ತೆಗೆದು, ನಕ್ಷೆಯನ್ನು ಸುರುಳಿ ಸುತ್ತಿ, ದೇವರ ಗೂಡಿನ ಮೇಲಿನ ಅಟ್ಟದಲ್ಲಿಟ್ಟ.

"ಇದರ ಮ್ಯಾಲ ಕಾಳ ಬೀಳಬಾರದು," ಎಂದ.